ಹಾಜರಿ 34, ಕಾರ್ಡು ಐದು

‘ಕಂಪ್ಯೂಟರ್ ಪಾಠ ಅಂದ್ರೆ ಏನಿರುತ್ತೆ?’ ಎಂದು ಆರನೇ ತರಗತಿಯಲ್ಲಿ ಕೇಳಿದೆ. ‘ಬೇಗ ಬೇಗ ಟೈಪ್ ಮಾಡೋದು ಮಿಸ್’ ಎಂದರು ಕೆಲವರು. ‘ನಾಡಕಚೇರೀಲಿ ಪಹಣಿ ತೆಗೆಯೋದು’ ಎಂದಿತು ಒಂದು ಮಗು. 2000ದ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಮಕ್ಕಳು ಕಂಪ್ಯೂಟರನ್ನು ಮೊದಲು ಕಂಡದ್ದೇ ಆ ಕಿಟಕಿಯಾಚೆ, ಅಪ್ಪನ ಪಕ್ಕ ನಿಂತು. ಒಳಗಿನಿಂದ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು. ಕಂಪ್ಯೂಟರ್ ಕೆಲಸದವರ ಚಿತ್ರ ಬರೆಸಿದರೆ ಹುಡುಗಿಯರೂ ಕನ್ನಡಕದ ಗಂಡಸನ್ನೇ ಬರೆದರು. ಅದು ನನಗೆ ಇಂದಿಗೂ ಚುಚ್ಚುತ್ತದೆ.

ಶಾಲೆಯಲ್ಲಿದ್ದ ಯಂತ್ರಗಳು ಬೀಗದೊಳಗೆ. ಹಾಗಾಗಿ ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ರೂಪಿಸಿದ ‘ಅನ್‌ಪ್ಲಗ್ಡ್’ ಚಟುವಟಿಕೆಗಳನ್ನು ಹಿಡಿದೆ. ಐದು ಕಾರ್ಡು, ಮೇಲೆ 1, 2, 4, 8, 16 ಚುಕ್ಕಿ. ತೆರೆದರೆ ಒಂದು, ಮಗುಚಿದರೆ ಸೊನ್ನೆ. ಹದಿಮೂರು ಬೇಕೆಂದರೆ 8, 4, 1 ತೆರೆಯಬೇಕು. ಯಂತ್ರದೊಳಗೆ ಲೆಕ್ಕ ನಡೆಯುವುದೂ ಇದೇ ರೀತಿ ಎಂದಾಗ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂತರು.

ಆ ಹೊತ್ತಿಗೇ ತಪಾಸಣೆಗೆ ಅಧಿಕಾರಿ ಬಂದರು. ‘ಏನ್ ಮೇಡಂ, ಇಸ್ಪೀಟ್ ಕಲಿಸ್ತಿದ್ದೀರಾ?’ ಎಂದದ್ದು ಮಕ್ಕಳೆದುರೇ. ಮುಂದಿದ್ದ ಹುಡುಗಿಯನ್ನು ನಿಲ್ಲಿಸಿ ‘ಸಿಪಿಯು ವಿಸ್ತರಿಸು’ ಎಂದರು. ಅವಳಿಗೆ ಬರಲಿಲ್ಲ. ‘ಹೋಗ್ಲಿ, ಈ ಕಾರ್ಡಿನಿಂದ ಏನ್ ಬರುತ್ತೆ? ಅಲ್ಲಿ ಹಾಜರಿ 34 ಇದೆಯಲ್ಲ, ಮಾಡಿ ತೋರಿಸು.’ ಹುಡುಗಿ ಒಂದೊಂದೇ ತೆರೆದಳು. ಐದೂ ತೆರೆದಾಗ 31. ಕೈ ನಿಂತಿತು. ಕಾರ್ಡುಗಳನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಅವಳು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತು. ಅವರಿಗೆ ಅಷ್ಟು ತಾಳ್ಮೆ ಎಲ್ಲಿ? ‘ನೋಡಿದ್ರಾ, ಬರಲ್ಲ!’ ಎಂದು ನಕ್ಕು ಬಾಗಿಲ ಕಡೆ ತಿರುಗಿದರು. ಆಗ ಅವಳು ಹೇಳಿದಳು: ‘ಇನ್ನೊಂದು ಕಾರ್ಡ್ ಬೇಕು ಸಾರ್. 32 ಚುಕ್ಕೀದು. ಅದೂ ಎರಡರದೂ ತೆರೆದ್ರೆ ಸಾಕು, ಉಳಿದಿದ್ದೆಲ್ಲ ಮುಚ್ಚಬಹುದು.’

ನಾನು ಹೇಳಿಕೊಡದ ಕಾರ್ಡದು! ಸಾಹೇಬರು ಕೇಳಿಸಿಕೊಳ್ಳಲಿಲ್ಲ. ಭೇಟಿ ಪುಸ್ತಕದಲ್ಲಿ ‘ಪಠ್ಯ ಬಿಟ್ಟು ಆಟ’ ಎಂದು ಬರೆದು ಹೋದರು. ಹಿಂದೆಯೇ ನೋಟಿಸ್ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿವರೆಗಿನ ಹಂತದಲ್ಲೇ ಕೋಡಿಂಗ್ ಚಟುವಟಿಕೆ ಬೇಕೆನ್ನುತ್ತದೆ ಎಂದು ಉತ್ತರಿಸಿದೆ, ಆ ಹುಡುಗಿಯ ಮಾತನ್ನೂ ಇದ್ದ ಹಾಗೇ ಬರೆದೆ. ಮರುಮಾತು ಬರಲಿಲ್ಲ. ಮಕ್ಕಳು ಮಾತ್ರ ಮರುದಿನವೇ ಆರನೇ ಕಾರ್ಡು ಮಾಡಿದರು. ಏಳನೆಯದಕ್ಕೆ 64 ಚುಕ್ಕಿ ಹಿಡಿಸದೆ, ‘ಸಂಖ್ಯೇನೇ ಬರೀಬಹುದಾ ಮಿಸ್?’ ಎಂದು ಕೇಳಿದರು.

ಈ ಪಾಠ ಕೈಗೆತ್ತಿಕೊಳ್ಳುವವರಿಗೆ ಹೇಳುವುದಿಷ್ಟೇ. ವಿಸ್ತೃತ ರೂಪ, ಪಿತಾಮಹ ಯಾರು ಎಂಬ ಬಾಯಿಪಾಠವನ್ನು ಹಿಂದಕ್ಕೆ ಇಡಿ. ಬೀಗ ತೆಗೆದ ದಿನ ಮೌಸು ಮೊದಲು ಹುಡುಗಿಯರ ಕೈಗೆ ಹೋಗಲಿ. ಇಲ್ಲದಿದ್ದರೆ ಹುಡುಗರು ಬಿಟ್ಟುಕೊಡುವುದೇ ಇಲ್ಲ. ಹಳೆಯ ಲಗ್ನಪತ್ರಿಕೆಯ ಹಿಂಬದಿ, ಒಂದು ಸ್ಕೆಚ್ ಪೆನ್ ಇದ್ದರೆ ಕಾರ್ಡು ಸಿದ್ಧ. ನೋಟಿಸ್ ಬಂದರೆ ಲಿಖಿತದಲ್ಲೇ ಉತ್ತರಿಸಿ, ಸ್ವೀಕೃತಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.