ರಾಜಕಥಾತ್ಯಾಗ: ಕೂಟಗಳಲ್ಲಿ ಪಾಲಿಸಬೇಕಾದ ಒಂದು ನಿಯಮ

ಅಷ್ಟಮಿ, ಚತುರ್ದಶಿಗಳಂದು ಉಪವಾಸವನ್ನೋ ಏಕಾಶನವನ್ನೋ ಕೈಗೊಳ್ಳುವ ಶ್ರಾವಕ-ಶ್ರಾವಿಕೆಯರು ನಮ್ಮಲ್ಲಿ ಇಂದಿಗೂ ಅನೇಕರಿದ್ದಾರೆ. ಅನ್ನಪಾನಗಳ ವಿಷಯದಲ್ಲಿ ಅವರು ತೋರುವ ಎಚ್ಚರಿಕೆ ಶ್ಲಾಘ್ಯವಾದುದು. ನೀರನ್ನು ಸೋಸಿದೆಯೇ, ಹೊತ್ತು ಮುಳುಗಿತೇ ಎಂದು ಹತ್ತು ಸಲ ವಿಚಾರಿಸುವವರು ಅವರು. ಆದರೆ ಆಹಾರವು ಒಳಗೆ ಹೋಗುವ ಬಾಯಿಯಿಂದಲೇ ಮಾತು ಹೊರಗೆ ಬರುತ್ತದೆ. ಒಳಗೆ ಹೋಗುವುದಕ್ಕೆ ಕಾವಲಿಟ್ಟು, ಹೊರಗೆ ಬರುವುದಕ್ಕೆ ಬಾಗಿಲನ್ನು ತೆರೆದಿಟ್ಟರೆ ವ್ರತವು ಅರ್ಧವೇ ಆಯಿತು.

ಸ್ವಾಧ್ಯಾಯಕ್ಕಾಗಿ, ಕಾವ್ಯವಾಚನಕ್ಕಾಗಿ, ಸಂಗೀತಕ್ಕಾಗಿ, ಅಥವಾ ನಿರ್ದೋಷವಾದ ಬೇರಾವುದೋ ಹವ್ಯಾಸಕ್ಕಾಗಿ ನಾಲ್ಕು ಜನ ಒಂದೆಡೆ ಸೇರುತ್ತೇವೆ. ಅರ್ಧ ಗಳಿಗೆಯೊಳಗೆ ಮಾತು ರಾಜಕೀಯದ ಕಡೆಗೆ ತಿರುಗುತ್ತದೆ. ಸ್ವರ ಏರುತ್ತದೆ, ಮುಖ ಕೆಂಪೇರುತ್ತದೆ. ಸೇರಿದ ಕಾರಣವನ್ನು ಎಲ್ಲರೂ ಮರೆಯುತ್ತಾರೆ. ಇದನ್ನು ಲೋಕರೂಢಿಯೆಂದು ನಾವು ಬಿಟ್ಟುಬಿಡುತ್ತೇವೆ. ಆಚಾರ್ಯರು ಹಾಗೆ ಬಿಟ್ಟಿಲ್ಲ. ಅವರು ಇದಕ್ಕೆ ಹೆಸರಿಟ್ಟಿದ್ದಾರೆ, ಸ್ಥಾನವನ್ನು ಗುರುತಿಸಿದ್ದಾರೆ, ಪರಿಹಾರವನ್ನೂ ಹೇಳಿದ್ದಾರೆ. ಅದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

ವಿಕಥೆಯ ಸ್ವರೂಪ

ಆತ್ಮಹಿತದಿಂದ ಮನಸ್ಸನ್ನು ಬೇರೆಡೆಗೆ ಎಳೆಯುವ ಮಾತು ವಿಕಥೆ. ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ವಚನಗುಪ್ತಿಯನ್ನು ನಿರೂಪಿಸುವಾಗ ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭೋಜನಕಥೆ ಎಂಬ ನಾಲ್ಕನ್ನು ಪಾಪಕ್ಕೆ ಹೇತುವಾದ ಮಾತುಗಳೆಂದು ಹೆಸರಿಸಿ ಅವುಗಳ ತ್ಯಾಗವನ್ನು ಬೋಧಿಸಿದ್ದಾರೆ. ನಾವು ಇಂದು ರಾಜಕೀಯ ಚರ್ಚೆಯೆಂದು ಕರೆಯುವುದರ ಬಹುಭಾಗ ಈ ರಾಜಕಥೆಯೊಳಗೆ ಅಡಗುತ್ತದೆ. ಅರಸರು ಹೋದರು, ಕಥೆ ಉಳಿದಿದೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪ್ರಮಾದಕ್ಕೆ 15 ಭೇದಗಳನ್ನು ಎಣಿಸಿದ್ದಾರೆ: ವಿಕಥೆ 4, ಕಷಾಯ 4, ಇಂದ್ರಿಯ 5, ನಿದ್ರೆ 1, ಪ್ರಣಯ 1. ಇವುಗಳನ್ನು ಒಂದರೊಡನೊಂದು ಕೂಡಿಸಿ ಗುಣಿಸಿದರೆ 80 ಭಂಗಗಳಾಗುತ್ತವೆ. 1359ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದಿರುವುದರಿಂದ ಈ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. ಇದನ್ನು ಬರಿಯ ಗಣಿತವೆಂದು ದಾಟಿಹೋಗಬಾರದು. ಯಾವ ವಿಕಥೆಯೂ ಒಂಟಿಯಾಗಿ ಬರುವುದಿಲ್ಲವೆಂಬುದೇ ಈ ಲೆಕ್ಕದ ಅಭಿಪ್ರಾಯ. 80 ಭಂಗಗಳಲ್ಲಿ ರಾಜಕಥೆಯ ಪಾಲು 20. ಪ್ರತಿಯೊಂದರಲ್ಲಿಯೂ ಒಂದು ಕಷಾಯ ಜೊತೆಗಿರುತ್ತದೆ. ನಾಲಿಗೆಯ ಮೇಲೆ ರಾಜ್ಯದ ಹಿತವಿರಬಹುದು. ಆದರೆ ಒಳಗೆ ಕ್ರೋಧವೋ, ತಾನು ಬಲ್ಲವನೆಂಬ ಮಾನವೋ, ಎದುರಾಳಿಯನ್ನು ಮಾತಿನ ಬಲೆಗೆ ಕೆಡಹುವ ಮಾಯೆಯೋ, ಹೊಗಳಿಕೆಯ ಲೋಭವೋ ಕುಳಿತಿರುತ್ತದೆ. ಇದೆಲ್ಲವೂ ಆರನೆಯ ಗುಣಸ್ಥಾನದ ಪ್ರಮತ್ತಸಂಯತನ ಪ್ರಕರಣದಲ್ಲಿ ಬಂದಿದೆಯೆಂಬುದನ್ನೂ ಗಮನಿಸಬೇಕು. ಸರ್ವಸಂಗ ಪರಿತ್ಯಾಗ ಮಾಡಿದ ಮುನಿಗೇ ಈ ಭಯವಿದ್ದರೆ, ಗೃಹಸ್ಥನು ತನಗೆ ಭಯವಿಲ್ಲವೆನ್ನುವುದು ಹೇಗೆ?

ಅನರ್ಥದಂಡದೊಡನೆ ಇದರ ಸಂಬಂಧ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಅರ್ಥವೆಂದರೆ ಪ್ರಯೋಜನ, ದಂಡವೆಂದರೆ ಪಾಪಬಂಧಕ್ಕೆ ಕಾರಣವಾದ ಮನೋವಾಕ್ಕಾಯಗಳ ವ್ಯಾಪಾರ. ಮನೆ ಕಟ್ಟುವವನಿಗೆ, ಹೊಲ ಉಳುವವನಿಗೆ ಆಗುವ ದೋಷದ ಹಿಂದೆ ಜೀವನದ ಒಂದು ಪ್ರಯೋಜನವಿದೆ. ಪ್ರಯೋಜನವೇ ಇಲ್ಲದೆ ಕಟ್ಟಿಕೊಳ್ಳುವ ಪಾಪ ಅನರ್ಥದಂಡ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಇದು ಐದು ವಿಧ.

ಇವುಗಳಲ್ಲಿ ಅಪಧ್ಯಾನದ ಲಕ್ಷಣವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೇಳಿರುವ ಕ್ರಮ ನಮ್ಮ ವಿಷಯಕ್ಕೆ ಕನ್ನಡಿ ಹಿಡಿದಂತಿದೆ. ಇತರರ ಗೆಲುವು, ಸೋಲು, ವಧೆ, ಬಂಧನ, ಅಂಗಚ್ಛೇದ, ಧನಾಪಹರಣ ಇವು ಹೇಗೆ ಆದಾವು ಎಂದು ಮನಸ್ಸಿನಲ್ಲಿ ಚಿಂತಿಸುತ್ತಿರುವುದೇ ಅಪಧ್ಯಾನವೆಂದು ಅವರ ಅಭಿಪ್ರಾಯ. ಪಟ್ಟಿ ಎಲ್ಲಿಂದ ಮೊದಲಾಗುತ್ತದೆಯೆಂಬುದನ್ನು ನೋಡಿರಿ. ಗೆಲುವು-ಸೋಲಿನಿಂದ ಮೊದಲಾಗಿ ವಧೆ-ಬಂಧನಗಳಿಗೆ ಇಳಿಯುತ್ತದೆ. ಜಗಲಿಯ ಮೇಲಿನ ಚರ್ಚೆಯೂ ಹೀಗೆಯೇ ಇಳಿಯುತ್ತದೆ. ಯಾರು ಗೆದ್ದಾರು ಎಂಬ ಕುತೂಹಲದಿಂದ ಹೊರಟು, ಅವರನ್ನು ಸೆರೆಗೆ ಹಾಕಬೇಕು, ಇವರನ್ನು ಮಟ್ಟಹಾಕಬೇಕು ಎಂಬಲ್ಲಿಗೆ ಮುಟ್ಟುತ್ತದೆ. ಇರುವೆಯನ್ನು ತುಳಿಯದಂತೆ ನೆಲವನ್ನು ನೋಡಿ ಬಂದವನೇ ಆ ಮಾತನ್ನು ಆಡುತ್ತಾನೆ.

ಈ ವ್ರತದ ಅತಿಚಾರಗಳಲ್ಲಿ ಮೌಖರ್ಯವೆಂಬುದೊಂದಿದೆ. ಅಂಕೆಯಿಲ್ಲದೆ, ಧಾರ್ಷ್ಟ್ಯದಿಂದ, ಪ್ರಯೋಜನವಿಲ್ಲದ ಮಾತನ್ನು ಬಹಳವಾಗಿ ಆಡುವುದೇ ಮೌಖರ್ಯ. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಎರಡು ಇಲ್ಲಿಗೆ ಅನ್ವಯಿಸುತ್ತವೆ: ಅನಾದರ ಮತ್ತು ಸ್ಮೃತ್ಯನುಪಸ್ಥಾನ. ವಾದದ ಕಾವಿನಲ್ಲಿರುವವನಿಗೆ ಅಂದಿನ ವ್ರತದಲ್ಲಿ ಆದರ ಉಳಿಯದು. ತಾನು ವ್ರತದಲ್ಲಿದ್ದೇನೆಂಬ ಸ್ಮೃತಿಯೂ ಉಳಿಯದು.

ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಐದು ಭಾವನೆಗಳಲ್ಲಿ ಒಂದನ್ನಾಗಿ ಸಧರ್ಮಾವಿಸಂವಾದವನ್ನು, ಎಂದರೆ ಸಹಧರ್ಮಿಗಳೊಡನೆ ಕಲಹವಾಡದಿರುವುದನ್ನು ಹೇಳಿದೆ. ಕಲಹಕ್ಕೂ ಕಳವಿಗೂ ಏನು ಸಂಬಂಧವೆಂದು ಕೆಲವರು ಕೇಳುವುದುಂಟು. ಇದು ನನ್ನದು, ಅದು ನಿನ್ನದು ಎಂಬ ಜಗಳವೇ ಅಲ್ಲಿಯ ಮುಖ್ಯಾರ್ಥ. ಅದನ್ನು ಸ್ವಲ್ಪ ವಿಸ್ತರಿಸಿ ಹೀಗೂ ಭಾವಿಸಬಹುದು: ಕಾವ್ಯವನ್ನು ಕೇಳಲೆಂದು ಹತ್ತು ಜನ ತಮ್ಮ ಎರಡು ಗಂಟೆಗಳನ್ನು ತಂದು ನಡುವೆ ಇಟ್ಟಿದ್ದಾರೆ. ಅದನ್ನು ನನ್ನ ವಾದಕ್ಕೆ ಎಳೆದುಕೊಂಡರೆ, ಕೊಡದಿದ್ದುದನ್ನು ತೆಗೆದುಕೊಂಡಂತೆಯೇ.

ಒಂದು ಉದಾಹರಣೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಊರಿನಲ್ಲಿ ಹಳಗನ್ನಡ ಕಾವ್ಯದ ಅಭಿರುಚಿಯುಳ್ಳ ಏಳೆಂಟು ಮಂದಿ ಪರ್ವದಿನಗಳ ಅಪರಾಹ್ಣದಲ್ಲಿ ಹಿರಿಯರೊಬ್ಬರ ಮನೆಯ ಜಗಲಿಯಲ್ಲಿ ಕೂಡಿ ಪಂಪನ ಆದಿಪುರಾಣವನ್ನು ಓದುತ್ತಿದ್ದರು. ಕೂಟಕ್ಕೆ ಹೆಸರಿರಲಿಲ್ಲ, ಪದಾಧಿಕಾರಿಗಳಿರಲಿಲ್ಲ. ಕಾವ್ಯಪ್ರೀತಿಯಿಂದ ಬರುವ ಜೈನೇತರರೂ ಇದ್ದರು. ಮನೆಯ ಹಿರಿಯರನ್ನು ಎಲ್ಲರೂ ಅಜ್ಜನವರೆಂದು ಕರೆಯುತ್ತಿದ್ದರು. ಅವರ ದೃಷ್ಟಿ ಮಂದವಾಗಿದ್ದುದರಿಂದ ಸ್ವತಃ ಓದಲಾರರು. ಈ ಲೇಖಕನು ಪದ್ಯವನ್ನು ಓದುವುದು, ಲೇಖಕನ ಬಾಲ್ಯದ ಗೆಳೆಯನೊಬ್ಬನು ಅರ್ಥವನ್ನು ಹೇಳುವುದು, ಅಜ್ಜನವರು ಕಣ್ಣು ಮುಚ್ಚಿ ಕೇಳುವುದು; ಹೀಗೆ ಮೂರು ವರ್ಷ ನಡೆಯಿತು.

ಭರತ-ಬಾಹುಬಲಿಗಳ ಪ್ರಸಂಗ ಬಂದಿತು. ಅದು ಒಂದು ಚುನಾವಣೆಯ ಕಾಲ. ಎರಡೂ ಕಡೆಯ ಸೈನ್ಯಗಳ ಸಂಹಾರವಾಗುವುದು ಬೇಡ, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ತೀರಿಸಿಕೊಳ್ಳಲಿ ಎಂದು ಮಂತ್ರಿಗಳು ನುಡಿಯುವ ಭಾಗವನ್ನು ಅಂದು ಓದುತ್ತಿದ್ದೆವು. ಗೆಳೆಯನು ಅರ್ಥವನ್ನು ಹೇಳಿ, “ಈಗಿನ ಮಂತ್ರಿಗಳಲ್ಲಿ ಇಂಥವರು ಯಾರಿದ್ದಾರೆ?” ಎಂದನು. ಮಾತು ಅಲ್ಲಿಗೇ ನಿಲ್ಲಬಹುದಾಗಿತ್ತು. ಈ ಲೇಖಕನು ಪುಸ್ತಕವನ್ನು ಮುಚ್ಚಿ ಉತ್ತರ ಕೊಟ್ಟನು. ಗೆಳೆಯನು ಪ್ರತ್ಯುತ್ತರ ಕೊಟ್ಟನು. ಅಜ್ಜನವರು ಎರಡು ಸಲ “ಮುಂದಿನ ಪದ್ಯ ಓದಿರಪ್ಪಾ” ಎಂದುದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಗೆಳೆಯನ ತೀರಿಹೋದ ತಂದೆಯ ಹೆಸರನ್ನು ಎಳೆದು ತಂದ ಮಾತೊಂದು ಈ ಲೇಖಕನ ಬಾಯಿಂದ ಹೊರಟಿತು. ಇಬ್ಬರಿಗೂ ಅಂದು ಉಪವಾಸ.

ಮುಂದಿನ ಅಷ್ಟಮಿಗೆ ಗೆಳೆಯನು ಬರಲಿಲ್ಲ. ಒಂದೆರಡು ತಿಂಗಳಲ್ಲಿ ಉಳಿದವರೂ ಬರುವುದನ್ನು ಬಿಟ್ಟರು. ಬೇರೆ ಪಕ್ಷದವರೆಂದು ತಿಳಿದ ಮೇಲೆ ಒಬ್ಬರ ಎದುರಿಗೆ ಒಬ್ಬರು ಕುಳಿತು ಕೇಳುವುದು ಅವರಿಗೆ ಮುಜುಗರವಾಗಿತ್ತು. ಅಜ್ಜನವರು ಹಾಸಿಗೆ ಹಿಡಿದಾಗ ಈ ಲೇಖಕನು ನೋಡಲು ಹೋದನು. ಅವರು, “ಬಾಹುಬಲಿ ಇನ್ನೂ ಅಲ್ಲಿಯೇ ನಿಂತಿದ್ದಾನಲ್ಲ, ತಮ್ಮಾ?” ಎಂದರು. ಓದಲೇ ಎಂದು ಕೇಳಿದಾಗ, “ಅವನೂ ಬರಲಿ, ಅರ್ಥ ಹೇಳುವವರು ಬೇಡವೇ?” ಎಂದರು. ಅವನನ್ನು ಕರೆಯಲು ಹೋಗುವಷ್ಟು ಮಾನವನ್ನು ಈ ಲೇಖಕನು ಇಳಿಸಲಾರದೆ ಹೋದನು. ಅದೇ ಚಾತುರ್ಮಾಸದಲ್ಲಿ ಅಜ್ಜನವರು ತೀರಿಕೊಂಡರು.

ಮರುವರ್ಷ ದಶಲಕ್ಷಣ ಪರ್ವದ ನಂತರದ ಕ್ಷಮಾವಣಿಯ ದಿನ ಗೆಳೆಯನ ಮನೆಗೆ ಹೋಗಿ ಕ್ಷಮೆ ಬೇಡಿದ್ದಾಯಿತು, ಅವನು ಅಪ್ಪಿಕೊಂಡನು. ಅವನ ಮತವೂ ಬದಲಾಗಿರಲಿಲ್ಲ, ಈ ಲೇಖಕನ ಮತವೂ ಬದಲಾಗಿರಲಿಲ್ಲ. ನಮ್ಮ ವಾದದಿಂದ ರಾಜ್ಯಕ್ಕೆ ಒಂದು ಕೂದಲೆಳೆಯಷ್ಟು ಲಾಭವಾಗಲಿಲ್ಲ, ನಷ್ಟವೂ ಆಗಲಿಲ್ಲ. ಅಜ್ಜನವರು ಕೇಳಬೇಕಾಗಿದ್ದ ಪದ್ಯಗಳು ಮಾತ್ರ ಅವರಿಗೆ ಕೇಳದೆ ಉಳಿದುವು. ಅನರ್ಥದಂಡವೆಂದರೆ ಏನೆಂದು ಈ ಲೇಖಕನಿಗೆ ತಿಳಿದುದು ಅಂದು.

ಶಂಕೆ-ಸಮಾಧಾನ

ಶಂಕೆ: ದೇಶದ ಆಗುಹೋಗುಗಳನ್ನು ತಿಳಿದು ಮಾತನಾಡುವುದು ಪ್ರಜೆಯ ಕರ್ತವ್ಯವಲ್ಲವೇ? ಈ ತ್ಯಾಗದಿಂದ ಜೈನರು ನಿಷ್ಕ್ರಿಯರಾಗುವುದಿಲ್ಲವೇ?

ಸಮಾಧಾನ: ರಾಜಕಾರ್ಯ ಬೇರೆ, ರಾಜಕಥೆ ಬೇರೆ. ನೇಮಿಚಂದ್ರರು ಗೊಮ್ಮಟಸಾರವನ್ನು ರಚಿಸಿದ್ದು ಚಾವುಂಡರಾಯನ ನಿಮಿತ್ತವಾಗಿ. ಅವನು ಗಂಗರ ಮಂತ್ರಿ, ಸೇನಾಪತಿ. 978ರಲ್ಲಿ ಚಾವುಂಡರಾಯಪುರಾಣವನ್ನು ಬರೆದವನು. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದವನು. ಹಗಲಿರುಳು ರಾಜ್ಯಭಾರವೇ ಕೆಲಸವಾಗಿದ್ದವನಿಗೆ ಬೋಧಿಸಿದ ಗ್ರಂಥದಲ್ಲಿಯೇ ವಿಕಥೆಯು ಪ್ರಮಾದವೆಂದು ಎಣಿಕೆಯಾಗಿದೆ. ಆದುದರಿಂದ ತ್ಯಾಜ್ಯವಾದುದು ರಾಜ್ಯದ ಕೆಲಸವಲ್ಲ; ಕೆಲಸವಾಗದ, ಕಷಾಯವನ್ನು ಮಾತ್ರ ಬೆಳೆಸುವ ಮಾತು. ಮತ ಹಾಕಿರಿ, ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳಿರಿ, ಅನ್ಯಾಯವಾದರೆ ಅಧಿಕಾರಿಗಳಿಗೆ ಬರೆಯಿರಿ. ಅವು ಅರ್ಥವುಳ್ಳ ಕಾರ್ಯಗಳು.

ಶಂಕೆ: ಆದಿಪುರಾಣದಲ್ಲಿಯೇ ರಾಜ್ಯ, ಯುದ್ಧಗಳ ಕಥೆಯಿದೆ. ಅದನ್ನು ಓದುವುದೂ ರಾಜಕಥೆಯಾಗದೇ?

ಸಮಾಧಾನ: ಕಥೆಯು ಎಲ್ಲಿಗೆ ತಲುಪಿಸುತ್ತದೆಯೆಂಬುದನ್ನು ನೋಡಬೇಕು. ಮೂರು ಯುದ್ಧಗಳಲ್ಲಿಯೂ ಗೆದ್ದ ಬಾಹುಬಲಿ, ಗೆದ್ದ ನೆಲವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟನು. ಕೇಳಿದವನ ಕಷಾಯ ಇಳಿದರೆ ಅದು ಧರ್ಮಕಥೆ, ಏರಿದರೆ ವಿಕಥೆ.

ಶಂಕೆ: ಕೂಟದಲ್ಲಿ ಒಬ್ಬನು ಸುಳ್ಳನ್ನೋ ನಿಂದೆಯನ್ನೋ ಆಡಿದರೆ ಮೌನವು ಸಮ್ಮತಿಯಾಗದೇ?

ಸಮಾಧಾನ: ಆಗುವ ಸಂಭವವುಂಟು. ಯಾರಿಗಾದರೂ ಹಾನಿಯಾಗುವಂತಿದ್ದರೆ ಮೌನವೇ ವ್ರತವೆಂದು ಕುಳಿತಿರಬಾರದು. ಸತ್ಯವ್ರತದ ಭಾವನೆಗಳಲ್ಲಿ ಕ್ರೋಧತ್ಯಾಗವೂ ಇದೆ, ಅನುವೀಚಿಭಾಷಣವೂ ಇದೆ. ಎಂದರೆ ವಿಚಾರಿಸಿ, ನಿರ್ದೋಷವಾಗಿ ನುಡಿಯುವುದು. “ಇದನ್ನು ನಾನು ಒಪ್ಪುವುದಿಲ್ಲ, ಬೇರೆ ದಿನ ಮಾತನಾಡೋಣ” ಎಂದು ಒಂದೇ ಸಲ ಶಾಂತವಾಗಿ ಹೇಳಿದರೆ ಸಾಕು. ಆಗಲೂ ಕೇಳದವನ ವಿಷಯದಲ್ಲಿ ಮಾಧ್ಯಸ್ಥ್ಯಭಾವನೆಯನ್ನು ತಾಳಬೇಕು.

ನಿಯಮವನ್ನು ಸ್ವೀಕರಿಸುವ ಕ್ರಮ

ಯಾವಜ್ಜೀವ ಸ್ವೀಕರಿಸುವುದು ಯಮ. ಕಾಲದ ಮಿತಿಯಿಂದ ಸ್ವೀಕರಿಸುವುದು ನಿಯಮ. ಅಭ್ಯಾಸವಿಲ್ಲದವರು ನಿಯಮದಿಂದಲೇ ಆರಂಭಿಸುವುದು ಕ್ಷೇಮ.

1. ಕೂಟದ ಆರಂಭದಲ್ಲಿ ಪಂಚನಮಸ್ಕಾರವನ್ನು ಹೇಳಿ, “ಈ ಕೂಟ ಮುಗಿಯುವವರೆಗೆ ರಾಜಕಥೆಯನ್ನು ತ್ಯಜಿಸಿದ್ದೇನೆ” ಎಂದು ಮನಸ್ಸಿನಲ್ಲಿ ಸಂಕಲ್ಪಿಸಿಕೊಳ್ಳಬೇಕು. ಪರ್ವದಿನಗಳಲ್ಲಿ ಸೂರ್ಯೋದಯದಿಂದ ಮರುದಿನದ ಪಾರಣೆಯವರೆಗೆ ಇದನ್ನು ವಿಸ್ತರಿಸಬಹುದು.

2. ತ್ಯಾಗವು ಕೃತ, ಕಾರಿತ, ಅನುಮೋದನೆಗಳಿಂದ ಆಗಬೇಕು. ತಾನು ಆಡದೆ ಇನ್ನೊಬ್ಬನನ್ನು ಕೆಣಕಿ ಆಡಿಸುವುದು ಕಾರಿತ. ಇಬ್ಬರು ಕಾದಾಡುವಾಗ ನಕ್ಕು ತಲೆದೂಗುವುದು ಅನುಮೋದನೆ. ದೂರವಾಣಿಯಲ್ಲಿ ಬರೆದು ಕಳುಹಿಸುವ ಮಾತೂ ಮಾತೇ.

3. ಬೇರೆಯವರು ಆರಂಭಿಸಿದರೆ, ಬಿಟ್ಟಲ್ಲಿಂದ ಓದನ್ನು ಮುಂದುವರಿಸಬೇಕು. ಬೆಂಕಿಗೆ ಸೌದೆ ಹಾಕದಿದ್ದರೆ ಅದು ತಾನಾಗಿ ಆರುತ್ತದೆ. ಕೂಟದ ಹಿರಿಯರು “ಮುಂದಿನ ಪದ್ಯ” ಎಂದರೆ ಎಲ್ಲರೂ ಮಾತು ನಿಲ್ಲಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.

4. ನಿಯಮವು ತನಗೆ ಮಾತ್ರ. ಇತರರನ್ನು ಅದರಿಂದ ಅಳೆದು ಹಂಗಿಸಿದರೆ, ರಾಜಕಥೆಯನ್ನು ಬಿಟ್ಟು ಮಾನಕಷಾಯವನ್ನು ಹಿಡಿದಂತಾಯಿತು.

5. ತಪ್ಪಿದರೆ ಅಂದಿನ ಪ್ರತಿಕ್ರಮಣದಲ್ಲಿ ಅದನ್ನು ನೆನೆಯಬೇಕು. ನೋಯಿಸಿದವರಲ್ಲಿಗೆ ಹೋಗಿ ಕ್ಷಮೆ ಬೇಡಬೇಕು. ಕ್ಷಮಾವಣಿಯ ದಿನ ಬರಲೆಂದು ಕಾಯಬಾರದು. ಅದು ಪ್ರತಿವರ್ಷ ಬರುತ್ತದೆ, ಕಾಯುತ್ತಿರುವವರು ಅಲ್ಲಿಯವರೆಗೆ ಇರುವರೆಂಬ ನಿಶ್ಚಯವಿಲ್ಲ.

ಮನನಕ್ಕೆ ಪ್ರಶ್ನೆಗಳು

1. ವಿಕಥೆಗಳು ಎಷ್ಟು? ಯಾವುವು?
2. ಪ್ರಮಾದದ 80 ಭಂಗಗಳಲ್ಲಿ ರಾಜಕಥೆಯು ಮಾನದೊಡನೆ ಕೂಡಿದವು ಎಷ್ಟು?
3. ರಾಜಕಾರ್ಯಕ್ಕೂ ರಾಜಕಥೆಗೂ ಇರುವ ಭೇದವನ್ನು ಉದಾಹರಣೆಯೊಡನೆ ತಿಳಿಸಿರಿ.
4. ಕಳೆದ ಪರ್ವದಿನ ನೀವು ಆಡಿದ ಮಾತುಗಳಲ್ಲಿ ಪ್ರಯೋಜನವಿಲ್ಲದವು ಯಾವುವು? ಅವುಗಳಿಂದ ಯಾರ ಓದು ನಿಂತಿತು?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಯಾರಿಗೂ ತೋರಿಸಬೇಕಾಗಿಲ್ಲ.