ಸೌದೆ ಕೊಟ್ಟಿಗೆಯಿಂದ ಆವಿಯಾಗುವಿಕೆಗೆ

ಆರನೇ ತರಗತಿ, ಮಲೆನಾಡಿನ ಶಾಲೆ. ‘ಆವಿಯಾಗುವಿಕೆ’ ಪಾಠಕ್ಕೆ ಮಳೆಗಾಲದ ಸೌದೆಯಿಂದ ಪೀಠಿಕೆ ಹಾಕಿದೆ. ಸೌದೆ ಒಣಗಿರಲು ಏನು ಮಾಡಬೇಕು? ‘ಟಾರ್ಪಾಲಿನಿಂದ ಪೂರ್ತಿ ಮುಚ್ಚಬೇಕು’ ಎಂಬ ಉತ್ತರವನ್ನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಹಿಂದಿನ ಸಾಲಿನ ಹುಡುಗಿ ಒಪ್ಪಲಿಲ್ಲ: “ಸುತ್ತ ಮುಚ್ಚಿದ್ರೆ ಬೂಷ್ಟು ಹಿಡೀತದೆ ಸಾರ್. ನಮ್ಮನೇಲಿ ಮೇಲೆ ಮಾಡು ಮಾತ್ರ.”

ಅವಳು ಹೇಳಿದ್ದೇ ಸರಿ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಅದು ಆವಿಯಾಗಿ ಹೋಗಲು ಗಾಳಿ ಆಡಬೇಕು. ಯೋಜನೆಯನ್ನು ಬದಿಗಿಟ್ಟು ಕೊಟ್ಟಿಗೆಯ ಚಿತ್ರವನ್ನು ಮಕ್ಕಳಿಂದಲೇ ಬರೆಸಿದೆ. ಇರಚಲು ಹೊಡೆಯುವ ಕಡೆ ತಡಿಕೆ, ಉಳಿದೆಡೆ ತೆರವು. ನೆಲದ ತೇವ, ಗೆದ್ದಲು ತಾಗದಂತೆ ಅಡಿಯಲ್ಲಿ ಕಲ್ಲು. ಗೋಡೆಯಿಂದ ಒಂದು ಗೇಣು ದೂರ. ಸಾಲಿನ ತುದಿಗಳಲ್ಲಿ ಒಂದು ವರಸೆ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಇಲ್ಲದಿದ್ದರೆ ಜಾರುತ್ತದೆ. ಸೀಳಿದ್ದು ಬೇಗ ಒಣಗುವುದೇಕೆಂದು ಕೇಳಿದಾಗ ‘ಮೇಲ್ಮೈ ವಿಸ್ತೀರ್ಣ’ಕ್ಕೆ ದಾರಿಯಾಯಿತು.

ಚಟುವಟಿಕೆ: ಒಂದೇ ಹಸಿ ಕೊಂಬೆಯ 2 ಸಮ ತುಂಡುಗಳು. ಒಂದು ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಇನ್ನೊಂದು ಕಿಟಕಿಯಲ್ಲಿ, ವಾರಕ್ಕೊಮ್ಮೆ ತೂಕ. ಮನೆಯ ಸೌದೆ ಸಾಲನ್ನು ಮುಟ್ಟದೆ ನೋಡಿಬರಲು ಮಾತ್ರ ಹೇಳಿದೆ. ಸಂದಿಯಲ್ಲಿ ಹಾವು, ಚೇಳು ಇರುತ್ತವೆ.

ವೀಕ್ಷಕರು ‘ಯೋಜನೆ ಮೀರಿದೆ’ ಎಂದು ಬರೆದರು. ನಿಜ. ತೂಕದ ಪಟ್ಟಿ ತುಂಬುವ ಮೊದಲೇ ನನ್ನ ಬೋಧನಾ ಅವಧಿ ಮುಗಿಯಿತು. ಪಟ್ಟಿಯನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಿ ಬಂದಿದ್ದೇನೆ.