ಕಾಂಡ್ಲಾ ಕಾಡಿನಲ್ಲಿ ಎರಡು ದಿನ: ಒಂದು ವಾಣಿಜ್ಯ ಪಾಠ

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ವಾರಾಂತ್ಯದಲ್ಲಿ ಅಬ್ಬಾ, ಅಮ್ಮಿ, ತಮ್ಮ ಮತ್ತು ಖಾಲಾ ಜೊತೆ ನಾನು ಉಡುಪಿ ಜಿಲ್ಲೆಯ ಸಾಲಿಗ್ರಾಮಕ್ಕೆ ಹೋಗಿದ್ದೆ. ಅಲ್ಲಿನ ಪಾರಂಪಳ್ಳಿಯಲ್ಲಿ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ಓಡಿಸಬಹುದು, ಹಕ್ಕಿಗಳನ್ನು ನೋಡಬಹುದು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಆದರೂ ಅಲ್ಲಿ ಕಂಡದ್ದರಲ್ಲಿ ಅರ್ಧದಷ್ಟು ನಮ್ಮ ವಾಣಿಜ್ಯ ವಿಭಾಗದ ಪಾಠವೇ ಆಗಿತ್ತು. ಆದ್ದರಿಂದ ಇದನ್ನು ಪ್ರವಾಸ ಕಥನವಾಗಿ ಬರೆಯದೆ ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ.

ಪುತ್ತೂರಿನವರಿಗೆ ಸಾಲಿಗ್ರಾಮ ದೂರದ ಊರಲ್ಲ. ನಮ್ಮ ಬಾಲವನದಲ್ಲಿ ಬಹಳ ವರ್ಷ ಬಾಳಿದ ಡಾ. ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ, ಸಾಲಿಗ್ರಾಮದ ಪಕ್ಕದ ಕೋಟದಲ್ಲಿ. ಕೊನೆಯ ವರ್ಷಗಳನ್ನು ಕಳೆದದ್ದು ಸಾಲಿಗ್ರಾಮದಲ್ಲಿ. ಮಕ್ಕಳಿಗಾಗಿ ವಿಜ್ಞಾನದ ಸಂಪುಟಗಳನ್ನು ಬರೆದ ಅವರು ಪರಿಸರಕ್ಕಾಗಿ 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತಿದ್ದರು.

ಕಾಂಡ್ಲಾ ಎಂದರೇನು?

ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಸೇರುವ ಕೆಸರಿನಲ್ಲಿ ಬೆಳೆಯುವ ಮರಗಳನ್ನು ಇಲ್ಲಿ ಕಾಂಡ್ಲಾ ಎನ್ನುತ್ತಾರೆ. ಮ್ಯಾಂಗ್ರೋವ್ ಎಂದು ನಾವು ಓದುವುದು ಇದನ್ನೇ. ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅದಕ್ಕಾಗಿ ಕೆಲವು ಜಾತಿಯ ಮರಗಳು ಬೇರನ್ನು ಪೆನ್ಸಿಲಿನಂತೆ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಇನ್ನು ಕೆಲವು, ಕುರ್ಚಿಯ ಕಾಲುಗಳಂತೆ ಬಾಗಿದ ಬೇರುಗಳ ಮೇಲೆ ನಿಲ್ಲುತ್ತವೆ. ಕೆಲವು ಜಾತಿಗಳ ಬೀಜ ಮರದಲ್ಲಿರುವಾಗಲೇ ಮೊಳೆತು, ಕೋಲಿನಂತೆ ಉದ್ದವಾಗಿ, ಆಮೇಲೆ ಕೆಳಗೆ ಬೀಳುತ್ತದೆ.

ಈ ಬೇರುಗಳ ಸಂದಿಯಲ್ಲಿ ಮೀನು, ಸೀಗಡಿ, ಏಡಿಗಳ ಮರಿಗಳು ಬೆಳೆಯುತ್ತವೆ. ಬೇರುಗಳು ಮಣ್ಣನ್ನು ಹಿಡಿದಿಟ್ಟು ದಡ ಕೊರೆಯುವುದನ್ನು ತಡೆಯುತ್ತವೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಕಾಂಡ್ಲಾ ಪ್ರದೇಶವನ್ನು ಅತ್ಯಂತ ಸೂಕ್ಷ್ಮವಾದ ವರ್ಗದಲ್ಲಿ ಇಟ್ಟಿದ್ದಾರೆ. ಜುಲೈ 26 ವಿಶ್ವ ಕಾಂಡ್ಲಾ ದಿನ.

ಚಂದ್ರ ನೋಡಿ ಹೊರಡಿ

ಕಯಾಕ್ ಎನ್ನುವುದು ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಬೇಟೆಯ ದೋಣಿ. ಅವರು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು. ಈಗ ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಎರಡೂ ತುದಿಯಲ್ಲಿ ಅಲಗು ಇರುವ ಒಂದೇ ಹುಟ್ಟು. ಬಲಕ್ಕೆ ಎಳೆದರೆ ದೋಣಿ ಎಡಕ್ಕೆ ತಿರುಗುತ್ತದೆ. ಇಂಜಿನ್ ಇಲ್ಲ, ಶಬ್ದ ಇಲ್ಲ. ಆದ್ದರಿಂದಲೇ ಹಕ್ಕಿಗಳು ಹಾರಿಹೋಗುವುದಿಲ್ಲ.

ಯಾವಾಗ ಹೋಗಬೇಕು ಎಂಬುದನ್ನು ಉಬ್ಬರ ಇಳಿತ ನಿರ್ಧರಿಸುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ ಬರುವುದರಿಂದ ಉಬ್ಬರ ದೊಡ್ಡದು. ಇದನ್ನು ನೆನಪಿಡಲು ನಮ್ಮ ಕಾಲೇಜಿನವರಿಗೆ ಸುಲಭದ ದಾರಿ ಇದೆ. ಹಿಜ್ರಿ ತಿಂಗಳು ಹೊಸ ಚಂದ್ರ ಕಂಡಾಗ ಶುರುವಾಗುತ್ತದಲ್ಲವೇ? ತಿಂಗಳ ಮೊದಲ ಎರಡು ಮೂರು ದಿನ ಮತ್ತು 14ರಿಂದ 16ರವರೆಗೆ ಉಬ್ಬರ ಜೋರು. 8 ಮತ್ತು 22ರ ಆಸುಪಾಸಿನಲ್ಲಿ ಸಣ್ಣದು. ಮನೆಯ ಗೋಡೆಯ ಇಸ್ಲಾಮಿಕ್ ಕ್ಯಾಲೆಂಡರಿನಲ್ಲೇ ಸಮುದ್ರದ ಸುದ್ದಿ ಇದೆ ಎಂದು ಹೇಳಿದಾಗ ಅಮ್ಮಿ ನಂಬಲಿಲ್ಲ. ಅಲ್ಲಿನ ದೋಣಿಯ ಅಣ್ಣ ಹೌದು ಎಂದ ಮೇಲೆ ನಂಬಿದರು.

ಉಬ್ಬರದಲ್ಲಿ ದೋಣಿ ಕಾಂಡ್ಲಾ ಮರಗಳ ನಡುವಿನ ಸಣ್ಣ ಕಾಲುವೆಗೂ ಹೋಗುತ್ತದೆ. ಇಳಿತದಲ್ಲಿ ಹೋಗಲಾಗದು, ಆದರೆ ಕೆಸರು ತೆರೆದುಕೊಂಡು ಏಡಿಗಳೂ ಅವನ್ನು ಹುಡುಕುವ ಹಕ್ಕಿಗಳೂ ಕಾಣುತ್ತವೆ. ನಾವು ಶನಿವಾರ ಉಬ್ಬರದಲ್ಲಿ ದೋಣಿ ಏರಿದೆವು, ಭಾನುವಾರ ಇಳಿತದಲ್ಲಿ ದಡದಲ್ಲಿ ಕುಳಿತೆವು.

ಕಂಡದ್ದು: ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ, ಗರುಡ, ಒಂದೇ ಕೊಂಡಿ ದೊಡ್ಡದಾಗಿರುವ ಪುಟ್ಟ ಏಡಿಗಳು. ಮಿಂಚುಳ್ಳಿಯನ್ನು ಖಾಲಾ ಕಿಲ್‌ಕಿಲಾ ಎಂದರು, ಬೆಳ್ಳಕ್ಕಿಯನ್ನು ಬಗ್ಲಾ ಎಂದರು. ಒಂದೇ ಹಕ್ಕಿಗೆ ನಮ್ಮ ಮನೆಯಲ್ಲಿ ಎರಡು ಹೆಸರು! ನೀರುನಾಯಿಗಾಗಿ ಸಂಜೆಯವರೆಗೆ ಕಾದೆವು, ಕಾಣಲಿಲ್ಲ. ಮೊಬೈಲ್ ಚೀಲದಲ್ಲಿತ್ತು. ಎಷ್ಟೋ ದಿನಗಳ ನಂತರ ಯಾರೂ ಅಂಕದ ಬಗ್ಗೆ ಮಾತನಾಡದೆ ಒಂದು ಸಂಜೆ ಕಳೆಯಿತು. ಯಂತ್ರಕ್ಕೆ ಸವಕಳಿ ಇದೆ, ದುರಸ್ತಿಗೆ ಹಣ ಇಡಬೇಕು ಎಂದು ಕಲಿಯುವ ನಾವು ನಮ್ಮ ತಲೆಗೆ ಮಾತ್ರ ಅದನ್ನು ಅನ್ವಯಿಸುವುದಿಲ್ಲ.

ಲೆಕ್ಕ ಹಾಕೋಣ

ಇಂಥ ಒಂದು ವ್ಯವಹಾರ ನಷ್ಟವಿಲ್ಲದೆ ನಡೆಯಲು ಎಷ್ಟು ಜನ ಬರಬೇಕು? ಕೆಳಗಿನ ಅಂಕೆಗಳು ಯಾರ ಲೆಕ್ಕಪುಸ್ತಕದವೂ ಅಲ್ಲ, ಅಭ್ಯಾಸಕ್ಕಾಗಿ ನಾನೇ ಊಹಿಸಿಕೊಂಡವು.

10 ಕಯಾಕ್, ಹುಟ್ಟು, ಲೈಫ್ ಜಾಕೆಟ್ ಸೇರಿ ₹2,40,000. ಬಾಳಿಕೆ 4 ವರ್ಷ, ಆದ್ದರಿಂದ ನೇರ ಪದ್ಧತಿಯಲ್ಲಿ ವರ್ಷಕ್ಕೆ ಸವಕಳಿ ₹60,000.
ಶೆಡ್ ಬಾಡಿಗೆ ವರ್ಷಕ್ಕೆ ₹24,000.
ಇಬ್ಬರು ಮಾರ್ಗದರ್ಶಕರಿಗೆ ತಿಂಗಳಿಗೆ ತಲಾ ₹12,000ದಂತೆ 8 ತಿಂಗಳಿಗೆ ₹1,92,000. ಮಳೆಗಾಲದ 4 ತಿಂಗಳು ವ್ಯವಹಾರ ಇಲ್ಲ.
ಒಟ್ಟು ಸ್ಥಿರ ವೆಚ್ಚ ₹2,76,000.
ಒಬ್ಬರಿಗೆ ಶುಲ್ಕ ₹300, ಬದಲಾಗುವ ವೆಚ್ಚ ₹60. ಉಳಿಯುವ ಕೊಡುಗೆ ₹240.

2,76,000 ÷ 240 = 1,150 ಜನ. ಇದೇ ಬ್ರೇಕ್ ಈವನ್ ಬಿಂದು. ಜನ ಬರುವುದು ವಾರಾಂತ್ಯದಲ್ಲಿ ಮಾತ್ರ ಎಂದುಕೊಂಡರೆ 8 ತಿಂಗಳಲ್ಲಿ ಸುಮಾರು 70 ದಿನ, ಅಂದರೆ ದಿನಕ್ಕೆ 17 ಜನ. ಸಾಧ್ಯವಾಗುವ ಲೆಕ್ಕವೇ.

ಆದರೆ ಈ ಲೆಕ್ಕದಲ್ಲಿ ಒಂದು ಆಸ್ತಿ ಬಿಟ್ಟುಹೋಗಿದೆ. ಜನ ಬರುವುದು ಪ್ಲಾಸ್ಟಿಕ್ ದೋಣಿ ನೋಡಲು ಅಲ್ಲ, ಕಾಂಡ್ಲಾ ನೋಡಲು. ಬ್ಯಾಲೆನ್ಸ್ ಶೀಟಿನಲ್ಲಿ ಅದರ ಬೆಲೆ ಸೊನ್ನೆ. ಮರ ಕಡಿದರೆ ಯಾವ ಖಾತೆಯಲ್ಲೂ ನಷ್ಟ ಬರೆಯುವುದಿಲ್ಲ, ಆದಾಯ ಮಾತ್ರ ನಿಲ್ಲುತ್ತದೆ. ದೋಣಿಯವನ ಜೊತೆಗೆ ಬಲೆ ಹಾಕುವವನಿಗೂ, ದಡದಲ್ಲಿ ಮನೆ ಇರುವವನಿಗೂ ನಷ್ಟ. ರಾಷ್ಟ್ರೀಯ ಆದಾಯದ ಅಧ್ಯಾಯದಲ್ಲಿ ತೈಲ ಶುದ್ಧೀಕರಣ ಘಟಕ ಮತ್ತು ನದಿಯ ಉದಾಹರಣೆ ಕೊಟ್ಟು ಬಾಹ್ಯ ಪರಿಣಾಮ ಎಂದು ಕಲಿಸುವುದು ಇದನ್ನೇ. ಪರೀಕ್ಷೆಗೆ ಆ ವ್ಯಾಖ್ಯೆಯನ್ನು ನಾನು ಬಾಯಿಪಾಠ ಮಾಡಿದ್ದೆ. ಬೇರುಗಳ ನಡುವೆ ಮೀನಿನ ಮರಿಗಳನ್ನು ನೋಡಿದಾಗ ಅದರ ಅರ್ಥ ಸ್ಪಷ್ಟವಾಯಿತು.

ನಮ್ಮ ನದಿಗಳ ವಿಷಯ

ಪುಷ್ಪಗಿರಿ ಕಡೆಯಿಂದ ಇಳಿಯುವ ಕುಮಾರಧಾರೆ ಕಡಬ ತಾಲೂಕಿನಲ್ಲಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ, ಅಲ್ಲಿಂದ ಮಂಗಳೂರಿನ ಅಳಿವೆ. ಸುಳ್ಯದ ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ನಾವು ಇಲ್ಲಿ ನೀರಿಗೆ ಎಸೆಯುವ ಪ್ಲಾಸ್ಟಿಕ್ ಅಳಿವೆಯ ಬೇರಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮಾತು ಮುಖ್ಯ. ಸಾಲಿಗ್ರಾಮದಲ್ಲಿ ಆಳವಿಲ್ಲದ ಹಿನ್ನೀರಿಗೂ ಲೈಫ್ ಜಾಕೆಟ್ ಇಲ್ಲದೆ ನಮ್ಮನ್ನು ಬಿಡಲಿಲ್ಲ. ನಮ್ಮೂರಿನಲ್ಲಿ ಗೆಳೆಯರ ಗುಂಪು ಕಯಗಳಿರುವ ಹೊಳೆಗೆ ಹಾಗೆಯೇ ಇಳಿಯುತ್ತದೆ. ರಜೆ ಬಂತೆಂದರೆ ವಿದ್ಯಾರ್ಥಿಗಳು ನೀರುಪಾಲಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ವಯಸ್ಸಿನವರೇ. ದಯವಿಟ್ಟು ಇವನ್ನು ನೆನಪಿಡಿ:

1. ಈಜು ಬಂದರೂ ದೋಣಿಯಲ್ಲಿ ಜಾಕೆಟ್ ಕಳಚಬೇಡಿ. ಬಕಲ್ ಪೂರ್ತಿ ಹಾಕಿ.
2. ಘಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದು. ನೀರು ಕೆಂಪಾದರೆ ತಕ್ಷಣ ಮೇಲೆ ಬನ್ನಿ.
3. ಮುಳುಗುತ್ತಿರುವವರ ಬಳಿಗೆ ಹಾರಬೇಡಿ. ಹಗ್ಗ, ಕೋಲು, ಶಾಲು ಚಾಚಿ. ದೊಡ್ಡವರನ್ನು ಕೂಗಿ, 112ಕ್ಕೆ ಕರೆ ಮಾಡಿ.
4. ಹುಡುಗಿಯರಿಗೆ: ಉದ್ದ ಬಟ್ಟೆ ನೆನೆದರೆ ಭಾರ. ಸಲ್ವಾರ್, ಮೊಣಕಾಲಿನವರೆಗಿನ ಕುರ್ತಾ, ಪಿನ್ ಹಾಕಿದ ಸಣ್ಣ ಸ್ಕಾರ್ಫ್ ಸಾಕು. ನಾನೂ ಖಾಲಾ ಇಬ್ಬರೂ ಹೀಗೆಯೇ ಹುಟ್ಟು ಹಾಕಿದೆವು, ಯಾವ ತೊಂದರೆಯೂ ಆಗಲಿಲ್ಲ.

ಅಭ್ಯಾಸ

1. ಮೇಲಿನ ಲೆಕ್ಕದಲ್ಲಿ ಶುಲ್ಕವನ್ನು ₹260ಕ್ಕೆ ಇಳಿಸಿದರೆ ಬ್ರೇಕ್ ಈವನ್ ಎಷ್ಟು? (ಉತ್ತರ: 1,380 ಜನ.)
2. ದಿನಕ್ಕೆ 200 ಜನ ಬಂದರೆ ಲಾಭ ಹೆಚ್ಚು. ಮಿಂಚುಳ್ಳಿ ಉಳಿಯುತ್ತದೆಯೇ?
3. ನಿಮ್ಮೂರಿನ ಹೊಳೆ ಯಾವ ಅಳಿವೆಯನ್ನು ಸೇರುತ್ತದೆ? ದಾರಿಯಲ್ಲಿ ಅದಕ್ಕೆ ಏನೇನು ಸೇರುತ್ತದೆ ಎಂದು ಪಟ್ಟಿ ಮಾಡಿ ತರಗತಿಗೆ ತನ್ನಿ.